ಇಪ್ಪತ್ತಡಿ ಅಗಲದ ಸೈಟು, ಐದು ಜನರ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಯಲ್ಲಿ ಸಣ್ಣ ಸೈಟಿನಲ್ಲಿ ಮನೆ ಕಟ್ಟುವವರ ಪ್ರಶ್ನೆಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಅಳತೆಗಳೆಲ್ಲ ಅಡಿ, ಇಂಚಿನಲ್ಲಿವೆ. ಪ್ಲಾನಿನ ಕಾಗದ ಮುಂದಿಟ್ಟುಕೊಂಡು ಓದಿದರೆ ಒಳ್ಳೆಯದು.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 20×40 ಸೈಟು, ಪೂರ್ವಕ್ಕೆ ರಸ್ತೆ. ಉತ್ತರ, ದಕ್ಷಿಣ ಎರಡೂ ಕಡೆ ಮೂರು ಮಹಡಿ ಮನೆಗಳು ಎದ್ದಿವೆ. ಅತ್ತೆಯೂ ಸೇರಿ ನಾವು ಐದು ಜನ. ಮೂರು ಬೆಡ್‌ರೂಮ್ ಬೇಕು. ಅತ್ತೆಗೆ ಮೊಣಕಾಲು ನೋವು, ಅವರ ಕೋಣೆ ಕೆಳಗೇ ಇರಬೇಕು. ಸದ್ಯ ಎರಡು ಸ್ಕೂಟರ್ ಇವೆ, ಕಾರಿಲ್ಲ. ಮೇಸ್ತ್ರಿ ಹಾಕಿಕೊಟ್ಟ ಪ್ಲಾನಿನಲ್ಲಿ ನಡುವಿನ ಕೋಣೆಗೆ ಕಿಟಕಿಯೇ ಇಲ್ಲ. ಹಗಲಲ್ಲೂ ಲೈಟ್ ಹಾಕಿಕೊಂಡೇ ಇರಬೇಕೇ?
ಓದುಗರು, ಬೆಂಗಳೂರು

ಉತ್ತರ: ಬೇಕಿಲ್ಲ. ಆದರೆ ಪ್ಲಾನ್ ಮಾಡುವ ಕ್ರಮವನ್ನೇ ಬದಲಿಸಬೇಕು. ಕೋಣೆಗಳನ್ನು ಮೊದಲು ಜೋಡಿಸಿ, ಉಳಿದ ಮೂಲೆಗೆ ಮೆಟ್ಟಿಲು ತುರುಕಿದರೆ ನಡುಮನೆ ಕತ್ತಲಾಗುವುದು ಖಂಡಿತ. ಎರಡೂ ಪಕ್ಕ ಮನೆ ಎದ್ದ ಮೇಲೆ ನಿಮಗೆ ಬೆಳಕು ಬರುವ ದಾರಿ ಮೂರೇ: ಮುಂದೆ, ಹಿಂದೆ, ಮೇಲೆ. ಮುಂದಿನ ಕಿಟಕಿಯ ಬೆಳಕು ಮುಂದಿನ ಕೋಣೆಗೆ, ಹಿಂದಿನದು ಹಿಂದಿನ ಕೋಣೆಗೆ ಮುಗಿದುಹೋಗುತ್ತದೆ. ನಡುವಿಗೆ ಬೆಳಕು ಮೇಲಿನಿಂದಲೇ ಇಳಿಯಬೇಕು. ನಮ್ಮ ತೊಟ್ಟಿಮನೆಗಳು ಮಾಡುತ್ತಿದ್ದುದು ಇದನ್ನೇ. ಈಗಿನ ಮೇಸ್ತ್ರಿಗಳು ಓಟಿಎಸ್ (ಓಪನ್ ಟು ಸ್ಕೈ, ಆಕಾಶಕ್ಕೆ ತೆರೆದ ಜಾಗ) ಅನ್ನುವುದೂ ಇದಕ್ಕೇ. ನಾವು ತೊಟ್ಟಿ ಎಂದೇ ಕರೆಯುತ್ತೇವೆ. ಮೊದಲು ತೊಟ್ಟಿಯನ್ನೂ ಮೆಟ್ಟಿಲನ್ನೂ ಒಟ್ಟಿಗೆ ಮನೆಯ ನಡುವೆ ಕೂರಿಸಿ, ಕೋಣೆಗಳನ್ನು ಅದರ ಹಿಂದೆ ಮುಂದೆ ಹಂಚಿ.

ಮುಂದೆ 4 ಅಡಿ, ಹಿಂದೆ 3 ಅಡಿ, ದಕ್ಷಿಣಕ್ಕೆ 3 ಅಡಿ ಬಿಟ್ಟಿರಿ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಎಷ್ಟು ಬಿಡಬೇಕೆಂಬ ನಿಯಮವನ್ನು ಪಾಲಿಕೆಯ ಕಚೇರಿಯಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಪ್ಲಾನ್ ಅಂತಿಮ ಮಾಡಿ. ಕಟ್ಟಡ 17×33 ಆಗುತ್ತದೆ. 6 ಇಂಚಿನ ಹೊರಗೋಡೆ ಕಳೆದರೆ ಒಳಗಿನ ಅಗಲ 16 ಅಡಿ, ಉದ್ದ 32. ಎರಡು ಅಡ್ಡಗೋಡೆಗೆ ಇನ್ನೊಂದು ಅಡಿ ಹೋಗಿ 31 ಅಡಿ ಕೈಗೆ ಸಿಗುತ್ತದೆ.

ಈಗ ಮೆಟ್ಟಿಲು. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಇಂಚು, ಅಂದರೆ 126 ಇಂಚು. 7 ಇಂಚಿನಂತೆ 18 ಮೆಟ್ಟಿಲೇರಿಕೆ. ಎರಡು ಸಾಲಾಗಿ ಮುರಿದರೆ ಒಂದೊಂದು ಸಾಲಿಗೆ 9 ಏರಿಕೆ, 10 ಇಂಚಿನ 8 ತುಳಿ (ಕಾಲಿಡುವ ಜಾಗ): 6 ಅಡಿ 8 ಇಂಚು ಉದ್ದ. 3 ಅಡಿ ಅಗಲದ ಎರಡು ಸಾಲು, ನಡುವೆ 3 ಇಂಚು ಸಂದು ಸೇರಿ 6 ಅಡಿ 3 ಇಂಚು. ಈ ಮೆಟ್ಟಿಲನ್ನು ಮನೆಯ ಉದ್ದಕ್ಕಲ್ಲ, ಅಡ್ಡಲಾಗಿ ಇಡಿ. ದಕ್ಷಿಣದ ಗೋಡೆಯಿಂದ 3 ಅಡಿ ಓಡಾಟದ ದಾರಿ, ನಂತರ 6 ಅಡಿ 8 ಇಂಚಿನ ಮೆಟ್ಟಿಲು, ನಂತರ 3 ಅಡಿ ನಡುಕಟ್ಟೆ (ಲ್ಯಾಂಡಿಂಗ್). 16 ಅಡಿಯಲ್ಲಿ ಇನ್ನೂ 3 ಅಡಿ 4 ಇಂಚು ಉತ್ತರದ ಗೋಡೆಯ ಪಕ್ಕ ಉಳಿಯಿತು. ಅದೇ ನಿಮ್ಮ ತೊಟ್ಟಿ. 3 ಅಡಿ 4 ಇಂಚು ಅಗಲ, 6 ಅಡಿ 3 ಇಂಚು ಉದ್ದ. ಒಂದು ಮಹಡಿಗೆ ಸುಮಾರು 21 ಚದರಡಿ ಕೊಟ್ಟರೆ ಇಡೀ ಮನೆ ಉಸಿರಾಡುತ್ತದೆ.

31ರಲ್ಲಿ ಮೆಟ್ಟಿಲು, ತೊಟ್ಟಿಯ ಈ 6 ಅಡಿ 3 ಇಂಚಿನ ಪಟ್ಟಿ ಕಳೆದು ಮುಂದೆ 14 ಅಡಿ, ಹಿಂದೆ 10 ಅಡಿ 9 ಇಂಚು ಇಟ್ಟುಕೊಳ್ಳಿ. ಮುಂಭಾಗದಲ್ಲಿ ಆಗ್ನೇಯ ಮೂಲೆಗೆ ಆರೂವರೆ ಅಡಿ ಅಗಲ, 8 ಅಡಿ ಉದ್ದದ ಅಡುಗೆಮನೆ, ಅದರ ಬೆನ್ನಿಗೆ ಊಟದ ಮೇಜು, ಮಿಕ್ಕದ್ದು ಹಾಲ್. ಮುಖ್ಯ ಬಾಗಿಲು ಪೂರ್ವಕ್ಕೆ. ಊಟದ ಜಾಗದಿಂದ 3 ಅಡಿ ದಾರಿಯಲ್ಲಿ ನೇರ ಹೋದರೆ ಅತ್ತೆಯವರ ಕೋಣೆ, 10 ಅಡಿ 8 ಇಂಚು × 10 ಅಡಿ 9 ಇಂಚು. ವಾಯವ್ಯಕ್ಕೆ 5×8 ಬಚ್ಚಲು, ಅದರ ಕಿಟಕಿ ಹಿಂದಿನ 3 ಅಡಿ ಜಾಗಕ್ಕೆ. ಇನ್ನೆರಡು ಬೆಡ್‌ರೂಮ್ ಮೊದಲ ಮಹಡಿಯಲ್ಲಿ ಹಿಂದೊಂದು ಮುಂದೊಂದು. ಎರಡನೇ ಮಹಡಿಯ ಖರ್ಚು ಈಗಲೇ ಬೇಕಿಲ್ಲ. ವಾಸ್ತು ನೋಡುವ ಮನೆಯವರಾದರೂ ಆಗ್ನೇಯದ ಅಡುಗೆ, ನೈಋತ್ಯದ ಹಿರಿಯರ ಕೋಣೆ ಎರಡೂ ಸರಿಹೋಗುತ್ತವೆ.

ತೊಟ್ಟಿ ಇಟ್ಟೂ ಪ್ರಯೋಜನವಾಗದ ಮನೆಗಳಿವೆ, ಅದಕ್ಕೆ ಕಾರಣಗಳನ್ನು ತಿಳಿದಿರಿ. ಮೊದಲನೆಯದು, ಮೇಲೆ ಗಾಜು ಅಥವಾ ಪಾಲಿಕಾರ್ಬೊನೇಟ್ ಶೀಟನ್ನು ಗೋಡೆಗೆ ಅಂಟಿಸಿ ಮುಚ್ಚಿಬಿಡುವುದು. ಮನೆಯ ಬಿಸಿ ಗಾಳಿಯೆಲ್ಲ ಅಲ್ಲಿಗೇರಿ, ಹೊರಹೋಗಲಾರದೆ, ಮೇಲಿನ ಮಹಡಿಯನ್ನು ಬೇಯಿಸುತ್ತದೆ. ಶೀಟಿಗೂ ಗೋಡೆಗೂ ನಡುವೆ ಸುತ್ತಲೂ 9ರಿಂದ 12 ಇಂಚು ಜಾಗ ಬಿಟ್ಟು, ಅಲ್ಲಿ ಓರೆಪಟ್ಟಿ (ಲೂವರ್) ಮತ್ತು ಹಕ್ಕಿಜಾಲರಿ ಹಾಕಿಸಿ. ಶೀಟು ಗೋಡೆಯಿಂದ ಒಂದಡಿ ಆಚೆ ಚಾಚಿರಲಿ, ಆಗ ಇರಚಲು ಒಳಗೆ ಬೀಳದು. ತಾರಸಿಯ ಮೇಲೆ ತೊಟ್ಟಿಯ ಸುತ್ತ 9 ಇಂಚಿನ ಕಟ್ಟೆಯನ್ನು ಮೋಲ್ಡ್ ಹಾಕುವಾಗಲೇ ಕಾಂಕ್ರೀಟಿನಲ್ಲಿ ಎಬ್ಬಿಸಬೇಕು. ಆಮೇಲೆ ಇಟ್ಟಿಗೆಯಲ್ಲಿ ಕಟ್ಟಿದರೆ ಆ ಕೂಡುಗೆರೆಯಲ್ಲೇ ನೀರು ಇಳಿಯುತ್ತದೆ. ಕಳ್ಳಕಾಕರ ಭಯಕ್ಕೆ ಶೀಟಿನ ಕೆಳಗೆ ಕಬ್ಬಿಣದ ಗ್ರಿಲ್ ಇರಲಿ.

ಎರಡನೆಯದು, ಮೆಟ್ಟಿಲಿಗೂ ತೊಟ್ಟಿಗೂ ನಡುವೆ ಗೋಡೆ ಎಬ್ಬಿಸುವುದು. ಅಲ್ಲಿ ಗೋಡೆ ಬೇಡ, ಮೂರೂವರೆ ಅಡಿ ಎತ್ತರದ ಕಂಬಿ ರೇಲಿಂಗ್ ಸಾಕು. ಕಂಬಿಗಳು ನೆಟ್ಟಗಿರಲಿ, ನಡುವಿನ ಸಂದು 4 ಇಂಚು ಮೀರದಿರಲಿ. ಅಡ್ಡ ಕಂಬಿ ಹಾಕಿದರೆ ಮಕ್ಕಳು ಏಣಿಯಂತೆ ಹತ್ತುತ್ತಾರೆ. ತೊಟ್ಟಿಯ ಉತ್ತರ ಗೋಡೆಗೆ ಅಚ್ಚ ಬಿಳಿ ಬಣ್ಣ ಬಿಟ್ಟು ಬೇರೇನೂ ಬೇಡ. ಕಲ್ಲಿನ ಕ್ಲ್ಯಾಡಿಂಗ್, ಗಾಢ ಬಣ್ಣ ಎಲ್ಲ ಬೆಳಕನ್ನು ನುಂಗುತ್ತವೆ. ಹಾಲ್‌ನ ಪಶ್ಚಿಮ ಗೋಡೆಯಿಂದ ತೊಟ್ಟಿಗೊಂದು ಕಿಟಕಿ ಇಡಿ, ಮೇಲಿನ ಮುಂದಿನ ಬೆಡ್‌ರೂಮಿಗೂ ಹಾಗೆಯೇ. ಬಚ್ಚಲಿನ ಎಕ್ಸಾಸ್ಟ್ ಮತ್ತು ಅಡುಗೆಮನೆಯ ಚಿಮಣಿ ಕೊಳವೆ ಮಾತ್ರ ಯಾವ ಕಾರಣಕ್ಕೂ ತೊಟ್ಟಿಗೆ ಬಾರದಿರಲಿ. ಒಗ್ಗರಣೆಯ ಘಾಟು ನೇರ ಮೇಲಿನ ಹಾಸಿಗೆಗೆ ತಲುಪುತ್ತದೆ. ತೊಟ್ಟಿಯ ತಳ ಹಾಲ್‌ನ ನೆಲಕ್ಕಿಂತ 2 ಇಂಚು ತಗ್ಗಿ, ಅಲ್ಲೊಂದು 4 ಇಂಚಿನ ನೀರುಗಂಡಿ ಇರಲಿ.

ಒಂದು ಮಾತನ್ನು ಮೊದಲೇ ಹೇಳಬೇಕು. ಪಕ್ಕದ ಮನೆಗಳು ನಿಮ್ಮದಕ್ಕಿಂತ ಎತ್ತರ ಇರುವುದರಿಂದ ತೊಟ್ಟಿಯ ತಳದಲ್ಲಿ ಕೂತು ಪತ್ರಿಕೆ ಓದುವಷ್ಟು ಬೆಳಕು ದಿನವಿಡೀ ಇರುವುದಿಲ್ಲ. ಹಗಲು ಲೈಟಿಲ್ಲದೆ ಓಡಾಡಬಹುದು, ಮುಖ್ಯವಾಗಿ ಗಾಳಿ ಆಡುತ್ತದೆ. ಮುಂದಿನ ಕಿಟಕಿಯಿಂದ ಒಳಬಂದ ತಂಪು ಗಾಳಿ ಬಿಸಿಯಾಗಿ ತೊಟ್ಟಿಯಲ್ಲೇರಿ ಹೋಗುತ್ತಲೇ ಇರುತ್ತದೆ.

ಅತ್ತೆಯವರ ಬಚ್ಚಲಿಗೆ ಎರಡೂವರೆ ಅಡಿಯ ಬಾಗಿಲು, ಹೊರಕ್ಕೆ ತೆರೆಯುವಂತೆ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲು ಅವರ ಮೈಗೇ ತಡೆಯಾಗುತ್ತದೆ. ಹೊಸಿಲು ಬೇಡ, ಅರ್ಧ ಇಂಚಿನ ಇಳಿಜಾರು ಸಾಕು. ಕಮೋಡ್ ಪಕ್ಕ 2 ಅಡಿ 8 ಇಂಚು ಎತ್ತರದಲ್ಲಿ ಹಿಡಿಕೆ ಬರುವ ಕಡೆ ಗಟ್ಟಿ ಬ್ಲಾಕನ್ನೇ ಕಟ್ಟಿಸಿ, ಪೊಳ್ಳು ಬ್ಲಾಕಿನಲ್ಲಿ ಬೋಲ್ಟ್ ನಿಲ್ಲದು.

ಕಾರಿನ ವಿಷಯ ಈಗಲೇ ತೀರ್ಮಾನಿಸಿ. 9×14 ಜಾಗವನ್ನು ಕಾರಿಗೆ ಬಿಟ್ಟರೆ 126 ಚದರಡಿ ಹೋಯಿತು, ಮುಂಭಾಗದ 224 ಚದರಡಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಹಾಲ್ ಮಹಡಿಗೆ ಹೋಗುತ್ತದೆ, ಮೆಟ್ಟಿಲು ಹತ್ತಲಾರದ ಅತ್ತೆ ಕೆಳಗೆ ಒಬ್ಬರೇ ಉಳಿಯುತ್ತಾರೆ. ಹತ್ತಿರದಲ್ಲಿ ಬಾಡಿಗೆಗೆ ಕಾರು ನಿಲ್ಲಿಸುವ ಅವಕಾಶ ಇದ್ದರೆ ಹಾಲನ್ನು ಬಿಟ್ಟುಕೊಡಬೇಡಿ ಎಂಬುದೇ ನಮ್ಮ ಸಲಹೆ.

ಪ್ರಶ್ನೆ: ನಮ್ಮ ಮನೆಯ ನಡುವೆ ಮೂರೂವರೆ ಅಡಿ ಅಗಲದ ಓಟಿಎಸ್ ಇದೆ. ಅಪ್ಪ ಅಮ್ಮನಿಗೆಂದು ಅದರಲ್ಲೇ ಸಣ್ಣ ಲಿಫ್ಟ್ ಹಾಕಿಸಬಹುದೇ?
ಓದುಗರು, ಮೈಸೂರು

ಉತ್ತರ: ಜಾಗ ಸಾಕಾದರೂ ಹಾಕಿಸಬೇಡಿ. ಇರುವ ಒಂದೇ ಗಾಳಿಗಂಡಿ ಮುಚ್ಚಿಹೋಗುತ್ತದೆ. ಹಾಲ್‌ನ ಒಂದು ಮೂಲೆಯಲ್ಲಿ ಸ್ಲ್ಯಾಬ್ ಕತ್ತರಿಸಿ ಜಾಗ ಮಾಡಿಕೊಳ್ಳಬಹುದೇ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ತೊಲೆ ಎಲ್ಲಿ ಹಾದಿದೆ ಎಂಬುದರ ಮೇಲೆ ಅದು ನಿಂತಿದೆ. ಇನ್ನೂ ಕಟ್ಟದಿರುವವರು ಈಗಲೇ ಎಲ್ಲ ಮಹಡಿಯಲ್ಲೂ ಒಂದೇ ನೇರಕ್ಕೆ 5×5 ಅಡಿ ಜಾಗ ಗುರುತಿಸಿ, ನಾಲ್ಕೂ ಕಡೆ ತೊಲೆ ಕೊಟ್ಟು, ನಡುವೆ ತೆಳು ಸ್ಲ್ಯಾಬ್ ಹಾಕಿ ಕಪಾಟಾಗಿ ಬಳಸಬಹುದು. ಮುಂದೆ ಬೇಕಾದಾಗ ಆ ತೆಳು ಸ್ಲ್ಯಾಬ್ ಒಡೆದರೆ ಮುಗಿಯಿತು, ಮನೆಯ ಅಸ್ಥಿಪಂಜರ ಮುಟ್ಟಬೇಕಿಲ್ಲ.

ಪ್ರಶ್ನೆ: ನಮ್ಮ 20×30 ಸೈಟಿನ ಪಕ್ಕದಲ್ಲಿ ಹಳೆಯ ಸೈಜುಗಲ್ಲಿನ ಪಾಯದ ಮನೆ ಇದೆ. ಅವರ ಪಾಯ ಮೂರಡಿ ಆಳವಷ್ಟೇ ಅನ್ನುತ್ತಾರೆ. ನಮ್ಮ ಎಂಜಿನಿಯರ್ ಐದಡಿ ಅಗೆಯಬೇಕು ಎನ್ನುತ್ತಾರೆ. ಅಗೆದರೆ ಅವರ ಗೋಡೆ ಬಿರುಕು ಬಿಟ್ಟೀತೆಂಬ ಹೆದರಿಕೆ. ಜೊತೆಗೆ ಎರಡು ಮನೆಯ ನಡುವಿನ ಸಂದಿಯಲ್ಲಿ ಮಳೆನೀರು ಇಳಿಯದ ಹಾಗೆ ಏನು ಮಾಡಬೇಕು?
ಓದುಗರು, ತುಮಕೂರು

ಉತ್ತರ: ನಿಮ್ಮ ಹೆದರಿಕೆಗೆ ಕಾರಣವಿದೆ. ಹಳೆಯ ಪಾಯ ನಿಂತಿರುವುದು ಅದರ ಕೆಳಗಿನ ಮತ್ತು ಪಕ್ಕದ ಮಣ್ಣಿನ ಒತ್ತಿನ ಮೇಲೆ. ಅವರ ಪಾಯಕ್ಕಿಂತ ಎರಡಡಿ ಕೆಳಗೆ ಇಡೀ ಉದ್ದಕ್ಕೆ ಒಂದೇ ದಿನ ಅಗೆದರೆ ಆ ಮಣ್ಣು ನಿಮ್ಮ ಗುಂಡಿಗೆ ಜಾರುತ್ತದೆ, ಜೊತೆಗೆ ಗೋಡೆಯೂ.

ಕೆಲಸಕ್ಕೆ ಮುಂಚೆ ಆ ಮನೆಯವರನ್ನು ಕರೆದುಕೊಂಡೇ ಅವರ ಗೋಡೆಯ ಹಳೆ ಬಿರುಕುಗಳ ಫೋಟೊ ದಿನಾಂಕ ಸಮೇತ ತೆಗೆಯಿರಿ. ದೊಡ್ಡ ಬಿರುಕಿಗೆ ಅಡ್ಡಲಾಗಿ ಸಣ್ಣ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟ್ ಹಚ್ಚಿ ಅಂಟಿಸಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆದು ತಿಳಿಸುತ್ತದೆ. ಜಗಳವೂ ತಪ್ಪುತ್ತದೆ, ಅಪಾಯವೂ ಮೊದಲೇ ಗೊತ್ತಾಗುತ್ತದೆ.

ಅಗೆಯುವಾಗ ಜೆಸಿಬಿಯನ್ನು ಅವರ ಗೋಡೆಯಿಂದ ಕನಿಷ್ಠ 3 ಅಡಿ ದೂರದಲ್ಲೇ ನಿಲ್ಲಿಸಿ, ಕೊನೆಯ ಮಣ್ಣನ್ನು ಹಾರೆ ಗುದ್ದಲಿಯಿಂದ ತೆಗೆಸಿ. ಗೋಡೆಯ ಉದ್ದವನ್ನು 4 ಅಡಿಯ ತುಂಡುಗಳಾಗಿ ಗುರುತು ಮಾಡಿ. ಮೊದಲು 1, 3, 5ನೇ ತುಂಡು ಅಗೆದು, ಅಡಿಪಾಯದ ಕೆಲಸ ಮುಗಿಸಿ, ಮಣ್ಣು ತುಂಬಿ ದಮ್ಮಸ್ ಮಾಡಿ. ನಂತರವೇ 2, 4, 6. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ತೆರೆದ ಗುಂಡಿಯಲ್ಲಿ ಒಂದು ರಾತ್ರಿ ನೀರು ನಿಂತರೆ ಸಾಕು, ಮಣ್ಣು ಬಾಯಿ ಬಿಡುತ್ತದೆ.

ಇನ್ನೊಂದು ವಿಷಯವನ್ನು ಎಂಜಿನಿಯರ್ ಹತ್ತಿರ ತಪ್ಪದೆ ಕೇಳಿ. ಗಡಿಗೆ ಅಂಟಿ ನಿಲ್ಲುವ ಪಿಲ್ಲರಿನ ಅಡಿಗೆ 5×5 ಅಡಿಯ ಫುಟಿಂಗ್ ಬಂದರೆ ಅದರ ಅರ್ಧ ಪಕ್ಕದ ಸೈಟಿಗೆ ಹೋಗಬೇಕಾಗುತ್ತದೆ. ಅದು ಸಾಧ್ಯವಿಲ್ಲ. ಹಾಗೆಂದು ಫುಟಿಂಗನ್ನು ಪೂರ್ತಿ ಒಳಕ್ಕೆ ಸರಿಸಿದರೆ ಭಾರ ಅದರ ಅಂಚಿನ ಮೇಲೆ ಬಿದ್ದು ಫುಟಿಂಗ್ ವಾಲಲು ನೋಡುತ್ತದೆ. ಪರಿಹಾರ, ಎದುರಿನ ಪಿಲ್ಲರಿನ ಫುಟಿಂಗಿಗೆ ಇದನ್ನು ಗಟ್ಟಿ ತೊಲೆಯಿಂದ ಬಿಗಿಯುವುದು, ಇಲ್ಲವೇ ಎರಡಕ್ಕೂ ಒಂದೇ ಫುಟಿಂಗ್ ಹಾಕುವುದು. ಮೊದಲನೆಯದನ್ನು ಸ್ಟ್ರಾಪ್ ಬೀಮ್, ಎರಡನೆಯದನ್ನು ಕಂಬೈನ್ಡ್ ಫುಟಿಂಗ್ ಎನ್ನುತ್ತಾರೆ. ನಿಮ್ಮ ಡ್ರಾಯಿಂಗಿನಲ್ಲಿ ಗಡಿಯ ಪಿಲ್ಲರಿಗೂ ಒಳಗಿನ ಪಿಲ್ಲರಿಗೂ ಒಂದೇ ತರಹದ ಬಿಡಿ ಫುಟಿಂಗ್ ಕಂಡರೆ ಕೆಲಸ ಶುರು ಮಾಡುವ ಮೊದಲು ವಿವರಣೆ ಕೇಳಿ.

ಸಂದಿಯ ವಿಷಯ. ಒಂದೆರಡು ಇಂಚಿನ ಸಂದಿಗೆ ಇಳಿದ ನೀರು ಆರುವುದೇ ಇಲ್ಲ, ಎರಡೂ ಮನೆಯ ಗೋಡೆಯನ್ನು ವರ್ಷವಿಡೀ ಒದ್ದೆ ಮಾಡುತ್ತದೆ. ಸಿಮೆಂಟ್ ಗಾರೆಯಿಂದ ಸಂದಿ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಎರಡು ಕಟ್ಟಡಗಳು ಬಿಸಿಲಿಗೆ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುತ್ತವೆ, ಗಾರೆ ಒಂದೇ ಬೇಸಿಗೆಯಲ್ಲಿ ಬಿರಿಯುತ್ತದೆ. ಎತ್ತರದ ಗೋಡೆಯಲ್ಲಿ ಒಂದಿಂಚು ಆಳದ ಗೀರು ಕೊರೆದು, ಅಲ್ಯುಮಿನಿಯಂ ತಗಡಿನ ಒಂದು ಅಂಚನ್ನು ಅಲ್ಲಿ ಸೇರಿಸಿ ಸೀಲೆಂಟ್ ತುಂಬಿ. ತಗಡಿನ ಇನ್ನೊಂದು ಅಂಚು ತಗ್ಗಿನ ಮನೆಯ ಪ್ಯಾರಪೆಟ್ ಮೇಲೆ 4 ಇಂಚು ಚಾಚಿ ಸುಮ್ಮನೆ ಕೂತಿರಲಿ, ಅದಕ್ಕೆ ಮೊಳೆ ಹೊಡೆಯಬಾರದು. ನಿಮ್ಮ ಗೋಡೆಯ ಹೊರಮೈಯನ್ನು ಆಮೇಲೆ ಪ್ಲಾಸ್ಟರ್ ಮಾಡಲು ಕೈ ಹೋಗುವುದಿಲ್ಲವಾದ್ದರಿಂದ, ಪಕ್ಕದವರ ತಾರಸಿಗಿಂತ ಮೇಲಿನ ಭಾಗವನ್ನಾದರೂ ಅವರ ಒಪ್ಪಿಗೆ ಪಡೆದು ಆ ಕಡೆಯಿಂದಲೇ ಪ್ಲಾಸ್ಟರ್ ಮಾಡಿಸಿ.

ಪ್ರಶ್ನೆ: ಜಾಗ ಉಳಿಸಲು ಹೊರಗೋಡೆಯನ್ನೂ 4 ಇಂಚಿನ ಬ್ಲಾಕಿನಲ್ಲಿ ಕಟ್ಟೋಣ ಎನ್ನುತ್ತಾರೆ ಕಂಟ್ರಾಕ್ಟರ್. ಒಪ್ಪಬಹುದೇ?
ಓದುಗರು, ಬೆಂಗಳೂರು

ಉತ್ತರ: ಬೇಡ. 6 ಇಂಚಿಗೂ 4 ಇಂಚಿಗೂ ಎರಡು ಪಕ್ಕ ಸೇರಿ ನಿಮಗೆ ಸಿಗುವುದು 4 ಇಂಚು ಅಗಲ ಮಾತ್ರ. ಅಷ್ಟಕ್ಕೆ ಮಳೆಯ ತೇವ ಒಳಬರುವುದನ್ನೂ, ಬಿಸಿಲು ನೇರ ಒಳಗಿಳಿಯುವುದನ್ನೂ ಒಪ್ಪಿಕೊಳ್ಳಬೇಕು. ವೈರಿಂಗ್ ಪೈಪಿಗೆ ಒಂದಿಂಚು ಕೊರೆದರೆ ಅಲ್ಲಿ ಉಳಿಯುವುದು ಮೂರೇ ಇಂಚು. ನಿಜವಾದ ಉಳಿತಾಯ ಬೇರೆ ಕಡೆ ಇದೆ. ಪಿಲ್ಲರ್, ತೊಲೆ ಇರುವ ಮನೆಗೆ 9 ಇಂಚಿನ ಗೋಡೆ ಬೇಕಿಲ್ಲ. 33 ಅಡಿ ಉದ್ದದ ಎರಡು ಗೋಡೆಯನ್ನು 9ರಿಂದ 6ಕ್ಕೆ ಇಳಿಸಿದರೆ ಮಹಡಿಗೆ ಹದಿನಾರೂವರೆ ಚದರಡಿ ಸಿಗುತ್ತದೆ, ಎರಡು ಬಟ್ಟೆ ಕಪಾಟಿನ ಜಾಗ. ಹೊರಗೆ 6, ಒಳಗೆ 4, ಒಳಗೋಡೆಯಲ್ಲೂ ನೀರಿನ ಪೈಪ್ ಹೂಳುವ ಕಡೆ 6. ಪಿಲ್ಲರಿನ ಉದ್ದ ಬದಿ ಗೋಡೆಯ ದಿಕ್ಕಿಗೇ ಇರಲಿ, ಒಳಕ್ಕೆ ಚಾಚಿದ 3 ಇಂಚನ್ನು ಕಪಾಟಿನ ಹಿಂದೆ ಅಡಗಿಸಿ.

ಪ್ರಶ್ನೆ: ಕಟ್ಟಿ ಎರಡು ವರ್ಷ ಆಗಿಲ್ಲ, ಮೊದಲ ಮಹಡಿಯ ಬಚ್ಚಲಿನ ಕೆಳಗಿನ ಸೀಲಿಂಗಿನಲ್ಲಿ ಹಳದಿ ಕಲೆ, ಬಣ್ಣ ಉದುರುತ್ತಿದೆ. ಪೈಪೆಲ್ಲ ಪರೀಕ್ಷೆ ಮಾಡಿಸಿದೆವು, ಸೋರಿಕೆ ಇಲ್ಲ ಎಂದರು. ಹಾಗಾದರೆ ನೀರು ಎಲ್ಲಿಂದ?
ಓದುಗರು, ಹುಬ್ಬಳ್ಳಿ

ಉತ್ತರ: ಹೆಚ್ಚಾಗಿ ಟೈಲ್ಸಿನ ಸಂದಿಯಿಂದ. ನಿಮ್ಮ ಬಚ್ಚಲಿನ ಸ್ಲ್ಯಾಬನ್ನು 9ರಿಂದ 12 ಇಂಚು ತಗ್ಗಿಸಿ, ಪೈಪ್ ಹಾಸಿ, ಮೇಲೆ ಕಿಟ್ಟ ಅಥವಾ ಇಟ್ಟಿಗೆ ಚೂರು ತುಂಬಿ ಟೈಲ್ಸ್ ಹಾಕಿರುತ್ತಾರೆ. ಟೈಲ್ಸ್ ನೀರು ತಡೆಯುತ್ತದೆ, ಅದರ ನಡುವಿನ ಬಿಳಿ ಸಿಮೆಂಟಿನ ಗೆರೆ ತಡೆಯುವುದಿಲ್ಲ. ದಿನವೂ ಸ್ನಾನದ ನೀರು ಹನಿಹನಿಯಾಗಿ ಇಳಿದು ಆ ತುಂಬಿನಲ್ಲಿ ಕೂರುತ್ತದೆ. ಬಾಣಲೆಯಲ್ಲಿಟ್ಟ ಸ್ಪಂಜಿನ ಹಾಗೆ ತುಂಬು ನೆನೆದೇ ಇರುತ್ತದೆ, ನೀರಿಗೆ ಹೊರಹೋಗುವ ದಾರಿ ಇರುವುದಿಲ್ಲ. ಕೊನೆಗೆ ಸ್ಲ್ಯಾಬಿನ ಸೂಕ್ಷ್ಮ ಬಿರುಕು ಹಿಡಿದು ಕೆಳಗೆ ಬರುತ್ತದೆ, ಕಬ್ಬಿಣಕ್ಕೂ ತುಕ್ಕು ಹಿಡಿಸುತ್ತದೆ.

ಮೊದಲು ಸುಲಭದ ಪ್ರಯತ್ನ. ಮನೆಯವರು ಒಂದು ವಾರ ಆ ಬಚ್ಚಲು ಬಳಸಬೇಡಿ. ಪೂರ್ತಿ ಒಣಗಿದ ಮೇಲೆ ಹಳೆಯ ಗೆರೆಗಳನ್ನು ಕೆರೆದು ತೆಗೆದು ಎಪಾಕ್ಸಿ ಗ್ರೌಟ್ ತುಂಬಿಸಿ. ನೆಲ ಮತ್ತು ಗೋಡೆ ಸೇರುವ ಮೂಲೆ, ನಲ್ಲಿಯ ಬುಡ, ನೀರುಗಂಡಿಯ ಸುತ್ತ ಬಹಳ ಜಾಗರೂಕತೆ ಬೇಕು, ಸೋರುವುದು ಹೆಚ್ಚಾಗಿ ಅಲ್ಲೇ. ನಂತರ ಎರಡು ತಿಂಗಳು ಕೆಳಗಿನ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಹಾಕಿ ಗಮನಿಸಿ. ಕಲೆ ಗೆರೆ ದಾಟಿ ಬೆಳೆಯದಿದ್ದರೆ ಗೆದ್ದಿರಿ.

ಬೆಳೆದರೆ ಒಡೆಯುವುದೊಂದೇ ದಾರಿ, ತೇಪೆ ಹಾಕಿ ಹಣ ಕಳೆಯಬೇಡಿ. ತುಂಬನ್ನೆಲ್ಲ ತೆಗೆದು ಸ್ಲ್ಯಾಬ್ ಶುಚಿಮಾಡಿ, ಮೂಲೆಗಳಿಗೆ ಗಾರೆಯ ಓರೆ ಕೊಟ್ಟು, ವಾಟರ್‌ಪ್ರೂಫಿಂಗ್ ಎರಡು ಕೋಟ್, ಒಂದು ಅಡ್ಡ, ಒಂದು ಉದ್ದ. ಗೋಡೆಯ ಮೇಲೆ ನೆಲದ ಮಟ್ಟಕ್ಕಿಂತ ಒಂದಡಿ ಮೇಲಿನವರೆಗೆ, ಶವರ್ ಇರುವ ಕಡೆ 6 ಅಡಿಯವರೆಗೆ. ಪೈಪ್ ಸ್ಲ್ಯಾಬನ್ನೋ ಗೋಡೆಯನ್ನೋ ದಾಟುವ ಕಡೆ ಕುಗ್ಗದ ಗ್ರೌಟ್ ತುಂಬಬೇಕು. ಮಾಮೂಲಿ ಗಾರೆ ಒಣಗುವಾಗ ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ತಗ್ಗಿನ ತಳದಿಂದ ಹೊರಗೋಡೆಗೆ ಒಂದು ಇಂಚಿನ ಕೊಳವೆ ಇಡಿಸಿ, ಸ್ಲ್ಯಾಬ್ ಆ ಕಡೆಗೆ ಸ್ವಲ್ಪ ಇಳಿಜಾರಿರಲಿ. ಇಳಿದ ನೀರು ಅಲ್ಲಿಂದ ಹೋಗುತ್ತದೆ, ಮುಂದೆ ಆ ಕೊಳವೆಯಲ್ಲಿ ನೀರು ಕಂಡರೆ ಸೋರಿಕೆಯ ಸೂಚನೆಯೂ ಸಿಕ್ಕಂತೆ. ತುಂಬು ಹಾಕುವ ಮುಂಚೆ ಕೊಳವೆಯ ಬಾಯಿ ಮುಚ್ಚಿ 72 ಗಂಟೆ ನೀರು ನಿಲ್ಲಿಸಿ ಕೆಳಗಿನಿಂದ ನೋಡಬೇಕು. ಮೇಸ್ತ್ರಿಗೆ ಅವಸರ ಇದ್ದರೂ ಈ ಮೂರು ದಿನವನ್ನು ಬಿಟ್ಟುಕೊಡಬೇಡಿ.

ಹೊಸದಾಗಿ ಕಟ್ಟುವವರಿಗೆ ನಮ್ಮ ಮಾತು ಇಷ್ಟೇ: ಸ್ಲ್ಯಾಬ್ ತಗ್ಗಿಸುವ ಪದ್ಧತಿಯನ್ನೇ ಬಿಡಿ. 2 ಇಂಚು ಮಾತ್ರ ಇಳಿಸಿ, ಪೈಪನ್ನು ಸ್ಲ್ಯಾಬಿನ ಕೆಳಗೆ ತೂಗುಹಾಕಿ, ಕೆಳಗಿನ ಬಚ್ಚಲಿನ ಫಾಲ್ಸ್ ಸೀಲಿಂಗಿನಲ್ಲಿ ಮುಚ್ಚಿ. ರಿಪೇರಿಗೆ ಒಂದು ಹಲಗೆ ತೆಗೆದರೆ ಸಾಕು. ಇದಕ್ಕೆ ಬಚ್ಚಲಿನ ಮೇಲೆ ಬಚ್ಚಲೇ ಬರುವಂತೆ ಪ್ಲಾನ್ ಇರಬೇಕು.

ಪ್ರಶ್ನೆ: ಕಲಬುರಗಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಸಣ್ಣ ಸೈಟಿನ ಮನೆ ನಮ್ಮದು. ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಮಹಡಿಯಲ್ಲಿ ರಾತ್ರಿ ಹನ್ನೆರಡಾದರೂ ಮಲಗಲಾಗದು. ಎಸಿ ಇಲ್ಲದೆ ದಾರಿ ಇದೆಯೇ?
ಓದುಗರು, ಕಲಬುರಗಿ

ಉತ್ತರ: ರಾತ್ರಿ ನಿಮ್ಮನ್ನು ಕಾಡುವುದು ಹಗಲು ಸ್ಲ್ಯಾಬ್ ಕುಡಿದ ಬಿಸಿ. ಹಗಲೆಲ್ಲ ಕಾದ ಕಾಂಕ್ರೀಟು ಸಂಜೆಯ ಮೇಲೆ ಅದನ್ನು ಕೆಳಕ್ಕೆ ಬಿಡುತ್ತದೆ. ಆದ್ದರಿಂದ ಮೊದಲು ತಾರಸಿಗೆ ಬಿಳುಪು ಕೊಡಿ. 5 ಕೆಜಿ ಅರಳಿದ ಸುಣ್ಣವನ್ನು 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಕಾಲು ಲೀಟರಿನಷ್ಟು ಅಂಟು ಬೆರೆಸಿ. ಅಂಟಿಲ್ಲದ ಸುಣ್ಣ ಕಾಲಿಗೆ ಹತ್ತುತ್ತದೆ. ಗುಡಿಸಿ ತೊಳೆದ ತಾರಸಿಯನ್ನು ಒದ್ದೆ ಮಾಡಿ ಎರಡು ಕೋಟ್ ಬಳಿಯಿರಿ. ಫೆಬ್ರವರಿ ಮುಗಿಯುವುದರೊಳಗೆ, ಪ್ರತಿ ವರ್ಷ. ಖರ್ಚು ಮಾಡಬಲ್ಲವರು ಬಿಳಿ ಪಿಂಗಾಣಿ ಚೂರಿನ ಹಾಸು ಹಾಕಿಸಿದರೆ ವರ್ಷವರ್ಷದ ಕೆಲಸ ತಪ್ಪುತ್ತದೆ. ಧೂಳು ಕೂತರೆ ಬಿಳುಪಿನ ಗುಣ ಹೋಗುತ್ತದೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೊಳೆಯಿರಿ.

ಪಶ್ಚಿಮದ ಗೋಡೆಗೆ ಮಧ್ಯಾಹ್ನದ ನಂತರದ ತಗ್ಗು ಬಿಸಿಲು ನೇರ ಬಡಿಯುತ್ತದೆ, ಒಂದೂವರೆ ಅಡಿಯ ಸಜ್ಜಾ ಅದನ್ನು ತಡೆಯಲಾರದು. ಆ ಬದಿಯ ಕಿಟಕಿಗೆ ಹೊರಗಿನಿಂದಲೇ ಚಾಪೆಯ ಪರದೆ ಅಥವಾ ನೆಟ್ಟನೆಯ ಪಟ್ಟಿ ಬೇಕು. ಒಳಗಿನ ಪರದೆ ಹಾಕುವಷ್ಟರಲ್ಲಿ ಬಿಸಿಲು ಗಾಜು ದಾಟಿ ಒಳಬಂದಾಗಿರುತ್ತದೆ. ಮಲಗುವ ಮಂಚ ಪಶ್ಚಿಮ ಗೋಡೆಗೆ ಬೇಡ, ಅಲ್ಲಿ ಬಟ್ಟೆ ಕಪಾಟು ಇರಲಿ.

ಬೆಂಗಳೂರಿನವರು ಹಗಲು ಕಿಟಕಿ ತೆರೆಯುತ್ತಾರೆಂದು ನೀವೂ ತೆರೆಯಬೇಡಿ. ಒಣ ಬಿಸಿಯ ನಿಮ್ಮ ಊರಿನಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆಯವರೆಗೆ ಮುಚ್ಚಿ, ಹೊರಗೆ ತಂಪಾದ ಮೇಲೆ ತೆರೆದು, ತಾರಸಿಯ ಬಾಗಿಲೂ ತೆರೆದು ಗಾಳಿ ಮೇಲಕ್ಕೇರಲು ಬಿಡಿ. ನೆಲ ಬದಲಿಸುವ ಯೋಚನೆ ಇದ್ದರೆ ವಿಟ್ರಿಫೈಡ್ ಟೈಲ್ಸಿಗೆ ಹೋಗುವ ಮುನ್ನ ನಿಮ್ಮ ಜಿಲ್ಲೆಯದೇ ಶಹಾಬಾದ್ ಕಲ್ಲನ್ನು ಒಮ್ಮೆ ನೋಡಿ. ಪಾಲಿಶ್ ಮಾಡಿಸಿದರೆ ನೋಟಕ್ಕೂ ಚೆನ್ನ, ಬರಿಗಾಲಿಗೂ ತಂಪು.

ಪ್ರಶ್ನೆ: ಬೆಂಗಳೂರಿನ 20×30 ಸೈಟು, ಪೂರ್ತಿ ತಾರಸಿ ಸುಮಾರು 600 ಚದರಡಿ, ಮುಂದೆ ಪೋರ್ಟಿಕೊ. ಐದು ಜನರಿಗೆ ಸಂಪ್ ಎಷ್ಟು ದೊಡ್ಡದಿರಬೇಕು? ಇಷ್ಟು ಸಣ್ಣ ಮನೆಗೆ ಮಳೆನೀರು ಕೊಯ್ಲು ಮಾಡಿ ಪ್ರಯೋಜನ ಇದೆಯೇ?
ಓದುಗರು, ಬೆಂಗಳೂರು

ಉತ್ತರ: ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ಐವರಿಗೆ 675 ಲೀಟರ್. ಆದರೆ ಸಂಪಿನ ಗಾತ್ರವನ್ನು ನಿರ್ಧರಿಸಬೇಕಾದದ್ದು ಟ್ಯಾಂಕರ್. ಸಣ್ಣ ಟ್ಯಾಂಕರ್ 6,000 ಲೀಟರಿನದು, ಸಂಪ್ 4,000ದ್ದಾದರೆ ಮಿಕ್ಕದ್ದಕ್ಕೂ ದುಡ್ಡು ಕೊಟ್ಟು ವಾಪಸ್ ಕಳಿಸಬೇಕು. ಒಳ ಅಳತೆ 8×6 ಅಡಿ, ಆಳ 5 ಅಡಿ ಇರಲಿ. ಮೇಲಿನ ಅರ್ಧ ಅಡಿ ಖಾಲಿ ಬಿಟ್ಟರೂ 6,100 ಲೀಟರ್ ಹಿಡಿಯುತ್ತದೆ. ಪೋರ್ಟಿಕೊ ಕೆಳಗೆ ಬಂದರೆ ಮುಚ್ಚಳ ಗಾಡಿಯ ಚಕ್ರ ಹಾಯುವ ಗೆರೆಯಲ್ಲಿ ಬಾರದಂತೆ, ಸುತ್ತಲ ನೆಲಕ್ಕಿಂತ 3 ಇಂಚು ಎತ್ತರದಲ್ಲಿ ಕೂರಿಸಿ. ನೆಲಮಟ್ಟದ ಮುಚ್ಚಳವಿದ್ದರೆ ಪೋರ್ಟಿಕೊ ತೊಳೆದ ನೀರು ಕುಡಿಯುವ ನೀರಿಗೆ ಸೇರುತ್ತದೆ. ಒಳಚರಂಡಿ ಚೇಂಬರ್ ಸಂಪಿನಿಂದ 10 ಅಡಿ ದೂರ, ಎದುರು ಮೂಲೆಗೆ ಹೋಗಲಿ.

ಬೆಂಗಳೂರಿನಲ್ಲಿ ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯು 1,200 ಚದರಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ನಿಮ್ಮದು 600 ಚದರಡಿ. ಕಡ್ಡಾಯದ ಮಾತು ಬಿಡಿ, ಲೆಕ್ಕ ನೋಡಿ. ಊರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್, ನಿಮ್ಮ ತಾರಸಿ 55 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಐದನೇ ಒಂದು ಭಾಗ ನಷ್ಟವೆಂದು ಕಳೆದರೂ 43,000 ಲೀಟರ್, ನಿಮ್ಮ ಮನೆಯ ಎರಡು ತಿಂಗಳ ನೀರು. ಅಷ್ಟನ್ನೂ ಒಮ್ಮೆಗೇ ಹಿಡಿದಿಡಲಾಗದು ನಿಜ. ಆದರೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆ ಬಿಟ್ಟು ಬಿಟ್ಟು ಬರುವುದರಿಂದ ಬಳಸುತ್ತಾ ತುಂಬಿಸಿಕೊಳ್ಳಬಹುದು.

ಮೊದಲ ಮಳೆಯ ಕೊಳೆ ಸಂಪಿಗೆ ಹೋಗದಂತೆ ಇಳಿಪೈಪಿನಿಂದ ಒಂದು ಕವಲು ತೆಗೆದು, 6 ಇಂಚಿನ ಪೈಪನ್ನು 10 ಅಡಿ ಉದ್ದಕ್ಕೆ ನಿಲ್ಲಿಸಿ. ಅದರಲ್ಲಿ 55 ಲೀಟರ್ ಹಿಡಿಯುತ್ತದೆ, ನಿಮ್ಮ ತಾರಸಿಯ ಮೊದಲ ಒಂದು ಮಿಲಿಮೀಟರ್ ಮಳೆ. ಅದು ತುಂಬಿದ ಮೇಲೆ ಬರುವ ನೀರು ಮಾತ್ರ ಫಿಲ್ಟರ್ ದಾಟಿ ಸಂಪಿಗೆ ಇಳಿಯುತ್ತದೆ. ಆ ಪೈಪಿನ ತಳದಲ್ಲಿ ಮುಚ್ಚಳದ ಜೊತೆಗೆ ಹನಿಹನಿಯಾಗಿ ಸೋರುವ ಸಣ್ಣ ತೂತು ಬೇಕು, ಇಲ್ಲದಿದ್ದರೆ ಎರಡನೇ ಮಳೆಗೆ ಅದು ತುಂಬಿಯೇ ಇರುತ್ತದೆ, ಕೊಳೆ ನೇರ ಸಂಪಿಗೆ ಹೋಗುತ್ತದೆ. ಸಂಪ್ ತುಂಬಿ ಹೆಚ್ಚಾದ ನೀರನ್ನು ಇಂಗುಗುಂಡಿಗೆ ಅಥವಾ ಮಳೆನೀರಿನ ಚರಂಡಿಗೆ ಬಿಡಿ, ಒಳಚರಂಡಿಗೆ ಸೇರಿಸಬೇಡಿ. ಜೋರು ಮಳೆಗೆ ಒಳಚರಂಡಿ ತುಂಬಿ ಕೆಳಮಹಡಿಯ ಬಚ್ಚಲಿನಲ್ಲಿ ಉಕ್ಕುತ್ತದೆ.